ಒಳಹರಿವು ಬರೆಯದ ನೋಟುಬುಕ್ಕು

ದೇಹದಲ್ಲಿ ವರ್ಷಗಟ್ಟಲೆ ಉಳಿಯುವ ವೈರಸ್ಸು ಹೇಗೆ ಏರುತ್ತದೆ, ಹೇಗೆ ಇಳಿಯುತ್ತದೆ ಎಂದು ಸಮೀಕರಣ ಬರೆಯುವುದು ನನ್ನ ಕೆಲಸ. ಹೊಸಪೇಟೆಯ ಕಾಲೇಜಿನಲ್ಲಿ ಗಣಿತ ಪಾಠ, ಉಳಿದ ಹೊತ್ತೆಲ್ಲ ಇದೇ. ಅಪ್ಪನಿಗೆ ಹೆಪಟೈಟಿಸ್ ಬಿ ಇದೆ ಎಂದು ತಿಳಿದಾಗ ಮನೆಯವರೆಲ್ಲ ನನ್ನ ಮುಖ ನೋಡಿದರು. ನಾನೂ ಸ್ವಲ್ಪ ಬೀಗಿದೆ, ಸುಳ್ಳೇಕೆ?

ಅಪ್ಪ ತುಂಗಭದ್ರಾ ಡ್ಯಾಂನಲ್ಲಿ ನೀರಿನ ಲೆಕ್ಕ ಬರೆದಿಡುವ ಕೆಲಸ ಮಾಡಿ ನಿವೃತ್ತನಾದವನು. ಅವನಿಗೆ ತಿಳಿಯಲೆಂದು ಹೇಳಿದ್ದೆ: "ವೈರಸ್ ಅಂದ್ರ ಡ್ಯಾಂನ್ಯಾಗಿನ ನೀರಿದ್ದಂಗ. ಗುಳಿಗಿ ಅಂದ್ರ ಗೇಟು. ದಿನಾ ನುಂಗಿದ್ರ ಮಟ್ಟ ಇಳಿತೈತಿ." ಅಪ್ಪ ಹಳೇ ಅಭ್ಯಾಸದಂತೆ ನೋಟುಬುಕ್ಕಿಗೆ ಗೆರೆ ಎಳೆದು ಪ್ರತಿ ರಿಪೋರ್ಟಿನ ಅಂಕಿಯನ್ನು 'ಮಟ್ಟ'ದ ಕೆಳಗೆ ಬರೆಯತೊಡಗಿದ. ಎರಡು ವರ್ಷಕ್ಕೆ ವೈರಸ್ ರಿಪೋರ್ಟಿನಲ್ಲಿ ಕಾಣಿಸದಾಯಿತು. 'ಸೊನ್ನೆ' ಎಂದು ಬರೆದ.

ಒಂದು ಭಾನುವಾರ ಗುಳಿಗೆ ಡಬ್ಬಿ ಕೈಗೆತ್ತಿಕೊಂಡೆ. ತುಂಬಿತ್ತು.

"ಯಾಕ ಬಿಟ್ಟಿ?"

"ತಳ ಕಂಡ ಮ್ಯಾಲೆ ಗೇಟು ಯಾರ್ ತೆಗೆದಿಡ್ತಾರ? ಬಂದ್ ಮಾಡಿ ಹದಿನೆಂಟು ದಿನ ಆತು."

ಗುಳಿಗೆ ನಿಂತರೆ ವೈರಸ್ ಮತ್ತೆ ಏರಿ ಲಿವರನ್ನೇ ಕೆಡಿಸಬಹುದು. ಸಿಟ್ಟು ಬಂದದ್ದು ಅಪ್ಪನ ಮೇಲಲ್ಲ. ಗೇಟಿನ ಮಾತು ನನ್ನದೇ. ಮಂದಿಯ ಸಮೀಕರಣದಲ್ಲಿ ತಪ್ಪು ಹುಡುಕುವ ನಾನು ಅಪ್ಪನಿಗೇ ತಪ್ಪು ಮಾಡೆಲ್ ಕೊಟ್ಟಿದ್ದೆ.

"ಅಪ್ಪಾ, ನಾ ತಪ್ಪು ಹೇಳೀನಿ. ನೀರು ಹೊರಗ ಹಾಕೋದು ನಿನ್ನ ಮೈ. ಗುಳಿಗಿ ಮ್ಯಾಲಿಂದ ಬರೋ ನೀರು ತಡಿತೈತಿ, ಅಷ್ಟ. ಹೊಳಿ ಬತ್ತಿಲ್ಲ, ಲಿವರಿನ್ಯಾಗ ಅಡಗೇತಿ."

ಅಪ್ಪ ನೋಟುಬುಕ್ಕು ತೆರೆದು ದಿಟ್ಟಿಸಿದ. "ಅಯ್ಯ, ಒಳಹರಿವು ಬಿಟ್ಟು ಬರೇ ಮಟ್ಟ ಬರದೀನಲ್ಲ! ಡ್ಯಾಂನ್ಯಾಗ ಹಿಂಗ ಬರದಿದ್ರ ಸಾಹೇಬ್ರು ಅವತ್ತ ಮನಿಗೆ ಕಳಿಸ್ತಿದ್ರು." ತಾನೇ ಡಾಕ್ಟರಿಗೆ ಫೋನು ಮಾಡಿದ. ಅವರು ಬೈದು, ಅಂದೇ ಗುಳಿಗೆ ಶುರು ಮಾಡಿಸಿ, ರಕ್ತಪರೀಕ್ಷೆಗೆ ಬರೆದರು.

ರಿಪೋರ್ಟಿಗೆ ಕಾದ ದಿನಗಳಲ್ಲಿ ನನಗೆ ಅನ್ನ ಸೇರಲಿಲ್ಲ. ಕಂಪ್ಯೂಟರಿನಲ್ಲಿ ಎಷ್ಟು ಸಲ ಲೆಕ್ಕ ಹಾಕಿದರೂ ವೈರಸ್ಸಿನ ಗೆರೆ ಮೇಲಕ್ಕೇ ಹೋಗುತ್ತಿತ್ತು. ಕೊನೆಗೆ ಬಂತು: ವೈರಸ್ ಸ್ವಲ್ಪ ಏರಿದೆ, ಲಿವರಿಗೆ ಏನೂ ಆಗಿಲ್ಲ. ಲ್ಯಾಬಿನ ಮೆಟ್ಟಿಲ ಮೇಲೆಯೇ ಕೂತು ಅತ್ತುಬಿಟ್ಟೆ. "ಏಳವ್ವಾ, ಮಂದಿ ನೋಡ್ತಾರ" ಎನ್ನುತ್ತಾ ಅಪ್ಪ ತಾನೂ ಕಣ್ಣೊರೆಸಿಕೊಂಡ.

ಮುಂದಿನ ರಿಪೋರ್ಟಿನಲ್ಲಿ ವೈರಸ್ ಮತ್ತೆ ಕಾಣಲಿಲ್ಲ. ನೋಟುಬುಕ್ಕಿನಲ್ಲಿ ಈಗ ಮೂರು ಕಾಲಂ ಇವೆ. ಮಟ್ಟ: ಸೊನ್ನೆ. ಒಳಹರಿವು: ಐತಿ. ಗುಳಿಗಿ: ನುಂಗೀನಿ.