ಚಾಕು ಮುಟ್ಟದ ಕುಂಬಳಕಾಯಿ

ಕ್ವೀನ್ಸ್‌ಬರಿಯಲ್ಲಿ ನಮ್ಮ ಕೆಳಗಿನ ಫ್ಲ್ಯಾಟಿನಲ್ಲಿ ಕೆನಡಾದ ಮಹಿಳೆಯೊಬ್ಬರಿದ್ದರು. ಲಂಡನ್ನಿನಲ್ಲಿ ಯಾರಿಗೂ ರಜೆಯಿಲ್ಲದ ಅಕ್ಟೋಬರಿನ ಒಂದು ಸೋಮವಾರ ತಾವೊಬ್ಬರೇ ರಜೆ ಹಾಕಿ, ತಮ್ಮೂರಿನ ಥ್ಯಾಂಕ್ಸ್‌ಗಿವಿಂಗ್ ಹಬ್ಬ ಮಾಡುತ್ತಿದ್ದರು. ಮೆಟ್ಟಿಲಲ್ಲಿ ಸಿಕ್ಕವರನ್ನೆಲ್ಲ ಊಟಕ್ಕೆ ಕರೆಯುವರು. ಪೋಸ್ಟ್ ತಂದವನನ್ನೂ ಬಿಟ್ಟವರಲ್ಲ. ಯಾರಾದರೂ ಹಿಂಜರಿದರೆ, "ಇನ್ನೊಂದು ಕುರ್ಚಿ ಹಿಡಿಯುತ್ತೆ, ಬನ್ನಿ" ಎನ್ನುವರು. ಕುರ್ಚಿ ಮುಗಿದರೆ ಕೂರಲು ಸೂಟ್‌ಕೇಸ್ ಬರುತ್ತಿತ್ತು.

ಒಮ್ಮೆ ಮೈಸೂರಿನಿಂದ ಬಂದಿದ್ದ ನಮ್ಮ ಅತ್ತೆಯನ್ನೂ ಕರೆದರು. ಅವರಿಗಾಗಿ ಆ ವರ್ಷ ಮಾಂಸವಿಲ್ಲದ ಅಡುಗೆ. ನಾವು ಬೇಗನೆ ಹೋದಾಗ ಆಕೆ ಇಡೀ ಕುಂಬಳಕಾಯಿಯ ಮುಂದೆ ಚಾಕು ಹಿಡಿದು ನಿಂತಿದ್ದರು.

"ಅವರಿಗೆ ಹೇಳಮ್ಮ, ಇಡೀ ಕುಂಬಳಕಾಯೀನ ಹೆಂಗಸರು ಹೆಚ್ಚಬಾರದು. ಮೊದಲು ಗಂಡಸರು ಒಡೆದುಕೊಡಬೇಕು," ಎಂದರು ಅತ್ತೆ.

ಮನೆಯಲ್ಲಿ ಗಂಡಸರಿರಲಿಲ್ಲ. ನಾನು ಸಂಕೋಚದಿಂದಲೇ ಹೇಳಿದೆ. ಆಕೆ ನಗಲಿಲ್ಲ, ಏಕೆಂದೂ ಕೇಳಲಿಲ್ಲ. ಚಾಕು ಒಳಗಿಟ್ಟು, ಕಾಯಿಯನ್ನು ಇಡಿಯಾಗಿಯೇ ಓವನ್ನಿಗೆ ಹಾಕಿದರು. ಊಟದ ಹೊತ್ತಿಗೆ ಅದು ಬೆಂದು ತಾನಾಗಿಯೇ ಕುಸಿದಿತ್ತು. ಚಮಚದಲ್ಲಿ ತಿರುಳು ತೆಗೆದು, ಮೇಲೆ ಮೇಪಲ್ ಮರದ ಸಿಹಿ ಸಿರಪ್ ಸುರಿದರು.

ಪರರ ಮನೆಯಲ್ಲಿ ಬಾಳೆಹಣ್ಣು ಬಿಟ್ಟು ಬೇರೇನೂ ಮುಟ್ಟದ ಅತ್ತೆ, ತಮಗೂ ಬಡಿಸಲೆಂದು ತಟ್ಟೆ ಮುಂದೆ ಚಾಚಿದರು. ಅಷ್ಟರಲ್ಲಿ ಬಾಗಿಲಲ್ಲಿ ಯಾರೋ ಹಿಂಜರಿಯುತ್ತ ನಿಂತರು. ಆಕೆ ಬಾಯಿ ತೆರೆಯುವ ಮೊದಲೇ ಅತ್ತೆ ಇನ್ನೊಬ್ಬರಿಗೆ ಜಾಗವಾಗುವಂತೆ ತಮ್ಮ ಕುರ್ಚಿಯನ್ನು ಪಕ್ಕಕ್ಕೆ ಸರಿಸಿಕೊಂಡರು.