ಕೆಂಪು ಉಣ್ಣೆ ಕಟ್ಟಿದ ಸೌತೆಕಾಯಿ

ಪಕ್ಕದ ಮನೆ ಅಜ್ಜಿಯ ಹೆಬ್ಬೆರಳು ಚಮಚದ ಹಾಗೆ ಹಿಂದಕ್ಕೆ ಬಾಗಿತ್ತು, ಮಣ್ಣಿನ ಹೆಂಟೆ ಪುಡಿ ಮಾಡಿ ಮಾಡಿ. ಅಮೆರಿಕದ ಮಾನ್ಮತ್ ಜಂಕ್ಷನ್ ಊರಿನ ನಮ್ಮ ಹಿತ್ತಿಲಲ್ಲಿ ಆ ಬೇಸಿಗೆ ಮೂವರೇ: ಬೇಲಿಯಾಚೆ ಅವರು, ಈಚೆ ಮಂಡ್ಯದಿಂದ ಬಂದಿದ್ದ ಅಮ್ಮ, ನಡುವೆ ಇಬ್ಬರ ಮಾತನ್ನೂ ಇಂಗ್ಲಿಷಿಗೂ ಕನ್ನಡಕ್ಕೂ ದಾಟಿಸುವ ನಾನು.

ಅಜ್ಜಿ ಪ್ಯಾಲೆಸ್ತೀನಿನವರು. ಏಳು ವರ್ಷದವರಿದ್ದಾಗ ಯುದ್ಧ ಬಂದು ಊರೇ ಖಾಲಿಯಾಯಿತಂತೆ. ಆದರೆ ಅವರು ಹೇಳುತ್ತಿದ್ದುದೆಲ್ಲ ಅದಕ್ಕೆ ಮುಂಚಿನದು. ಗೋಧಿ ಒಕ್ಕಣೆಯಲ್ಲಿ ಎತ್ತು ಎಳೆಯುವ ಹಲಗೆಗೆ ಭಾರ ಬೇಕಲ್ಲ, ಮಕ್ಕಳನ್ನೇ ಕೂರಿಸೋರಂತೆ. "ಇಳೀರಿ ಅಂದ್ರೆ ಅಳ್ತಿದ್ವಿ! ಇಲ್ಲಿ ಪಾರ್ಕಲ್ಲಿ ಅಂಥ ಸವಾರಿಗೇ ಟಿಕೆಟ್ ಕೇಳ್ತಾರೆ."

"ನಮ್ಮ ಕಣದಲ್ಲಿ ಕಲ್ಲಿನ ಗುಂಡು. ಕೂತಿದ್ರೆ ಚಟ್ನಿ ಆಗ್ತಿದ್ವಿ ಅಂತ ಹೇಳೇ," ಅಂದರು ಅಮ್ಮ.

ಸೌತೆಗೆ ಮಾತ್ರ ಅಜ್ಜಿ ನೀರೇ ಹಾಕರು. "ನೀರು ಕೊಟ್ರೆ ಬೇರು ಸೋಮಾರಿ ಆಗುತ್ತೆ." ಊರು ಬಿಡುವಾಗ ಅವರಮ್ಮ ತಲೆವಸ್ತ್ರದ ತುದಿಗೆ ಗಂಟು ಕಟ್ಟಿ ತಂದ ಬೀಜದ ತಳಿ ಅದು. ವರ್ಷವೂ ಬಿತ್ತಿ, ಬೀಜಕ್ಕೆಂದು ಬಿಟ್ಟ ಕಾಯಿಗೆ, ಯಾರೂ ಕೀಳದಿರಲೆಂದು, ಕೆಂಪು ಉಣ್ಣೆ ದಾರ ಕಟ್ಟೋರು. ಆ ಸಲ ಇದ್ದ ಬೀಜವನ್ನೆಲ್ಲ ಬಿತ್ತಿದ್ದರು. ಜಿಂಕೆಗಳು ಮೇದು ಉಳಿದದ್ದು ಒಂದೇ ಕಾಯಿ, ನಮ್ಮ ಕಡೆಗೆ ಇಳಿಬಿದ್ದದ್ದು. ಉಣ್ಣೆಯ ವಿಷಯ ಅಮ್ಮನಿಗೆ ಹೇಳಲು ನಾನೇ ಮರೆತಿದ್ದೆ.

ಒಂದು ಸಂಜೆ ಕೆಲಸದಿಂದ ಬಂದರೆ ಮನೆಯೆಲ್ಲ ಹುಳಿಯ ಘಮ.

"ಹಣ್ಣಾಗಿ ಕೊಳೆತು ಹೋಗ್ತಿತ್ತು ಕಣೇ, ಕಿತ್ತೆ."

"ದಾರ ಕಟ್ಟಿತ್ತಲ್ಲಮ್ಮ!"

"ದೃಷ್ಟಿಗೆ ಅಂದ್ಕೊಂಡೆ. ಬಿಚ್ಚಿ ಬಳ್ಳಿಗೇ ಕಟ್ಟಿದೀನಿ."

"ಬೀಜ?"

"ತಿರುಳಿನ ಜೊತೆ ಕಸದ ಡಬ್ಬಿಗೆ."

ಸಂಗತಿ ತಿಳಿಸಿದಾಗ ಅಜ್ಜಿ ಬೇಲಿ ಬಳಸಿ ನಮ್ಮ ಕಡೆಗೇ ಬಂದರು. "ಡಬ್ಬಿ ತನ್ನಿ," ಅಂದರು. ಮೂವರೂ ಹಿತ್ತಿಲ ಮರದ ಡೆಕ್ ಮೇಲೆ ಕೂತು, ಕಾಫಿ ಚರಟ, ಕರಿಬೇವಿನ ಕಡ್ಡಿಗಳ ನಡುವೆ ಒಂದೊಂದೇ ಬೀಜ ಹೆಕ್ಕಿದೆವು. ಅಮ್ಮ ದೇವರ ಗೂಡಿನಿಂದ ಊದಿನಕಡ್ಡಿಯ ಬೂದಿ ತಂದು ಬೀಜಕ್ಕೆ ಸವರಿದರು. ಅಜ್ಜಿ ಅಮ್ಮನ ಕೈ ಹಿಡಿದುಕೊಂಡರು. "ಬೂದಿ! ನಮ್ಮಮ್ಮನೂ ಹೀಗೇ ಸವರೋಳು."

ಹೆಕ್ಕಿದ್ದು ಮುಗಿದ ಮೇಲೆ ಆ ಹುಳಿಯನ್ನೇ ಬಡಿಸಿದೆವು. ಎರಡು ಸಲ ಹಾಕಿಸಿಕೊಂಡು ಅಜ್ಜಿ ಗೊಳ್ಳೆಂದು ನಕ್ಕರು. "ಬೀಜ ತೆಗೆದು ಈ ಹಣ್ಣನ್ನ ನಾವು ಕತ್ತೆಗೆ ಹಾಕ್ತಿದ್ವಿ. ಕತ್ತೆ ನಮಗಿಂತ ಜಾಣ!"

ಆ ಚಳಿಗಾಲ ಅಜ್ಜಿ ತೀರಿಕೊಂಡರು. ಮೇ ತಿಂಗಳಲ್ಲಿ ಅವರ ಮಗಳು ಆ ಬೂದಿ ಸವರಿದ ಬೀಜದ ಪೊಟ್ಟಣ ತಂದು ಅರ್ಧ ನನ್ನ ಕೈಗೆ ಸುರಿದರು. ಬೇಲಿಯ ಎರಡೂ ಕಡೆ ಬಿತ್ತಿದೆವು. ಹತ್ತನೆಯ ದಿನ ಎರಡೂ ಕಡೆ ಮೊಳಕೆ ಬಂತು.