ನಾರುಹುಣ್ಣಿನವರಿಗೆ ಹಗುರ ಕೆಲಸ

1943ರ ಬೇಸಿಗೆ. ನಿಜಾಮರ ಆಳ್ವಿಕೆ. ಆಗ ನಾನು ಸಿಂಧನೂರಿನ ಸರ್ಕಾರಿ ದವಾಖಾನೆಯಲ್ಲಿ ಕಂಪೌಂಡರ್ ಆಗಿದ್ದೆ. ಔಷಧಿ ಕಲಸುವುದು, ಗಾಯಕ್ಕೆ ಪಟ್ಟಿ ಕಟ್ಟುವುದು, ಡಾಕ್ಟರ್ ಸಾಹೇಬರು ಊರಲ್ಲಿಲ್ಲದಾಗ ಅವರಿಗೆ ಬರಬೇಕಾದ ಬೈಗುಳವನ್ನೂ ನಾನೇ ತಿನ್ನುವುದು, ಇಷ್ಟು ನನ್ನ ನೌಕರಿ. ಮಸ್ಕಿ ಕಡೆಯ ಸಡಕಿಗೆ ಖಡಿ, ಅಂದರೆ ಜಲ್ಲಿಕಲ್ಲು, ಒಡೆಯುವ ಕೂಲಿಗಳ ಆರೋಗ್ಯ ನೋಡಿಕೊಳ್ಳಬೇಕೆಂದು ಹುಕುಂ ಬಂತು. ಪ್ರತಿ ಗುರುವಾರ ಎತ್ತಿನ ಗಾಡಿಯಲ್ಲಿ ಹೋಗಿ ಬರಬೇಕು. ಔಷಧಿ ಪೆಟ್ಟಿಗೆಯಲ್ಲಿ ಕ್ವಿನೈನ್, ಟಿಂಕ್ಚರ್ ಅಯೋಡಿನ್, ಒಂದಿಷ್ಟು ಪಟ್ಟಿ ಬಟ್ಟೆ. ಅದರಲ್ಲೇ ನೂರಾರು ಜನರನ್ನು ಗಟ್ಟಿಮುಟ್ಟಾಗಿ ಇಡಬೇಕಂತೆ!

ಅಲ್ಲಿನ ದೊಡ್ಡ ಪೀಡೆ ನಾರುಹುಣ್ಣು. ಈಗಿನವರು ಅದನ್ನು ಕಂಡಿಲ್ಲ, ಪುಣ್ಯವಂತರು. ಕಣ್ಣಿಗೆ ಕಾಣದ ಹುಳು ಕುಡಿಯುವ ನೀರಿನೊಂದಿಗೆ ಹೊಟ್ಟೆಗೆ ಹೋಗಿ, ಒಳಗೇ ಬೆಳೆದು, ಹೆಚ್ಚುಕಡಿಮೆ ಒಂದು ವರ್ಷದ ಮೇಲೆ ಕಾಲಿನ ಚರ್ಮ ಒಡೆದುಕೊಂಡು ದಾರದಂತೆ ಹೊರಗೆ ಬರುತ್ತದೆ. ಎಳೆದರೆ ತುಂಡಾಗಿ ಕಾಲೇ ಕೊಳೆಯುತ್ತದೆ. ಸಣ್ಣ ಕಡ್ಡಿಗೆ ಸುತ್ತಿ ದಿನಕ್ಕಿಷ್ಟು ಎಂದು ಹೊರತೆಗೆಯಬೇಕು. ಆ ಕಾಲು ನೀರಿಗೆ ಇಳಿಯಿತೋ, ಹುಳು ತನ್ನ ಮರಿಗಳನ್ನು ನೀರಿಗೆ ಬಿಡುತ್ತದೆ. ಅದೇ ನೀರು ಕುಡಿದವರಿಗೆ ಮುಂದಿನ ವರ್ಷ ನಾರು.

ಮೇಸ್ತ್ರಿ ಫಕೀರಪ್ಪ ಒಳ್ಳೆಯ ಮನುಷ್ಯ. ಅದೇ ನನ್ನ ಕಷ್ಟವಾಯಿತು ನೋಡಿ. ಕಾಲಿಗೆ ನಾರು ಎದ್ದವರನ್ನು ಬೇರೆ ಮೇಸ್ತ್ರಿಗಳು ಹೊರಗೆ ಹಾಕುತ್ತಿದ್ದರು. ಇವನು ಮಾತ್ರ ಖಡಿ ಒಡೆಯುವುದು ಬಿಡಿಸಿ ಅವರಿಗೆ ಹಗುರ ಕೆಲಸ ಕೊಡುತ್ತಿದ್ದ. ಆ ಹಗುರ ಕೆಲಸ ಏನೆಂದರೆ ಎಲ್ಲರಿಗೂ ಕುಡಿಯುವ ನೀರು ತರುವುದು. ಅಲ್ಲಿದ್ದದ್ದು ಮೆಟ್ಟಿಲು ಇಳಿದು ನೀರು ಮುಟ್ಟುವ ಒಂದೇ ಬಾವಿ. ಬೇಸಿಗೆಯಲ್ಲಿ ಮೊಣಕಾಲವರೆಗೆ ಇಳಿಯದೆ ಕೊಡ ತುಂಬುತ್ತಿರಲಿಲ್ಲ.

ಆ ವರ್ಷ ನೀರು ಹೊರುತ್ತಿದ್ದವಳು ಹುಲಿಗೆಮ್ಮ. ಗಂಡ ಇಲ್ಲ, ಮೊಲೆ ಕುಡಿಯುವ ಮಗಳಿದ್ದಳು. ಮೊದಲ ಗುರುವಾರವೇ ಅವಳು ಕೊಡ ಪಕ್ಕಕ್ಕಿಟ್ಟು, ಉರಿ ತಣಿಯಲೆಂದು ನಾರಿನ ಕಾಲನ್ನು ನೀರಲ್ಲಿ ಇಳಿಬಿಟ್ಟು, ಕಣ್ಣು ಮುಚ್ಚಿ ಕೂತದ್ದನ್ನು ಕಂಡೆ. ಓಡಿ ಹೋಗಿ ಮೇಸ್ತ್ರಿಯ ಮೇಲೆ ಹರಿಹಾಯ್ದೆ.

"ನೊಂದ ಕಾಲಿನವರಿಗೆ ಬಿಸಿಲಾಗ ಕಲ್ಲು ಒಡೀರಿ ಅನ್ಲೇನ್ರೀ ಸಾಹೇಬ್ರ?" ಎಂದ ಫಕೀರಪ್ಪ. "ನಮ್ಮ ಅಪ್ಪನ ಕಾಲದಿಂದ ಹಿಂಗ ನಡೆದೈತಿ."

"ನಿಮ್ಮ ಅಪ್ಪನ ಕಾಲದಿಂದ ನಾರೂ ನಡೆದೈತಲ್ಲೋ ಮಾರಾಯ!" ಎಂದೆ.

ಪಾಪ, ಅವನು ನನ್ನ ಮಾತಿಗೆ ಬೆಲೆ ಕೊಟ್ಟ. ಮರುದಿನವೇ ಹುಲಿಗೆಮ್ಮನನ್ನು ನೀರಿನಿಂದ ಬಿಡಿಸಿದ. ಕೊಡಲು ಬೇರೆ ಹಗುರ ಕೆಲಸ ಅವನ ಬಳಿ ಇರಲಿಲ್ಲ. ಕೆಲಸ ಇಲ್ಲದವರಿಗೆ ಕೂಲಿಯೂ ಇಲ್ಲ. ಮೂರ್ನಾಲ್ಕು ದಿನ ಕಳೆದ ಮೇಲೆ ಅವಳು ಮಗುವನ್ನು ಕಂಕುಳಲ್ಲಿಟ್ಟುಕೊಂಡು, ಕುಂಟುತ್ತಾ ದವಾಖಾನೆಗೇ ಬಂದಳು.

"ಬಾವ್ಯಾಗ ಇಳೀಬ್ಯಾಡ ಅಂದ್ರಂತ. ಆತ್ರಿ, ಇಳ್ಯೂದಿಲ್ಲ. ಏನು ತಿನ್ಲಿ, ಅದನ್ನೂ ಹೇಳಿಬಿಡ್ರಿ."

ಮನೆಯಿಂದ ಒಂದಿಷ್ಟು ಜೋಳ ತಂದುಕೊಟ್ಟೆ. ಅದೆಷ್ಟು ದಿನ ಬಂದೀತು?

ಲಿಂಗಸುಗೂರಿನ ತನಕ ಹೋಗಿ ದೊಡ್ಡ ಸಾಹೇಬರೊಬ್ಬರ ಮುಂದೆ ಕೈಕಟ್ಟಿ ನಿಂತೆ. ಮೆಟ್ಟಿಲಿಗೆ ಅಡ್ಡಗೋಡೆ ಕಟ್ಟಿಸಿ, ಮೇಲಿಂದ ಹಗ್ಗದಲ್ಲಿ ಸೇದಲು ಒಂದು ರಾಟೆ ಹಾಕಿಸಿದರೆ ಸಾಕು, ಯಾರೂ ನೀರಿಗೆ ಇಳಿಯಬೇಕಿಲ್ಲ ಎಂದೆ. ಸಡಕಿನ ಮಂಜೂರಾತಿಯಲ್ಲಿ ಬಾವಿ ಬರುವುದಿಲ್ಲ ಎಂದರು. ಚಹಾ ಮಾತ್ರ ಚೆನ್ನಾಗಿ ಕುಡಿಸಿದರು.

ಇನ್ನುಳಿದದ್ದು ನೀರು ಸೋಸುವುದು. ಪಟ್ಟಿ ಬಟ್ಟೆ ಹಂಚಿ, ನಾಲ್ಕು ಪದರ ಮಾಡಿ ಕೊಡದ ಬಾಯಿಗೆ ಕಟ್ಟಿ ಎಂದು ತೋರಿಸಿಕೊಟ್ಟೆ. ಕೆಲವು ದಿನ ಕಟ್ಟಿದರು. ಆಮೇಲೆ ಆ ಬಟ್ಟೆ ಹೆಂಗಸರ ಬೊಬ್ಬೆ ಎದ್ದ ಅಂಗೈಗೆ, ಗಂಡಸರ ಒಡೆದ ಹಿಮ್ಮಡಿಗೆ ಸುತ್ತಿಕೊಂಡಿತು. ಅದೂ ಗಾಯವೇ, ಏನೆನ್ನಲಿ? ನಡುಮಧ್ಯಾಹ್ನ ಗಂಟಲು ಒಣಗಿದವರು ಬೊಗಸೆಯಲ್ಲೇ ನೀರು ಮೊಗೆದು ಕುಡಿದರು. ವರ್ಷದ ಮೇಲೆ ಬರುವ ಬೇನೆಗೆ ಇವತ್ತೇ ಹೆದರು ಎಂದರೆ ಯಾರು ಹೆದರುತ್ತಾರೆ?

ಮುಂದೊಂದು ಗುರುವಾರ ಹೋದಾಗ ಹುಲಿಗೆಮ್ಮನ ತಲೆಯ ಮೇಲೆ ಮತ್ತೆ ಕೊಡ ಇತ್ತು. ಫಕೀರಪ್ಪ ನನ್ನ ಕಣ್ಣು ತಪ್ಪಿಸಿದ. ಅವಳು ತಪ್ಪಿಸಲಿಲ್ಲ.

"ಕೊಡ ತುಂಬಿದ ಕೂಡ್ಲೆ ಎದ್ದು ಬರ್ತೀನಿ ಅಂತ ಆಣೆ ಮಾಡಿ ಇಳಿದಿದ್ದೆರಿ. ಇಳಿದ ಮ್ಯಾಲೆ ಎದ್ದು ಬರಾಕ ಮನಸಾಗ್ಲಿಲ್ಲ. ಆ ಉರಿ ನಿಮಗೇನು ಗೊತ್ತು?"

ನಿಜ, ನನಗೆ ಗೊತ್ತಿರಲಿಲ್ಲ.

ಮರುವರ್ಷ ಬೇಸಿಗೆಗೆ ಅದೇ ತಂಡ ಅದೇ ಸಡಕಿಗೆ ಬಂತು. ಹುಲಿಗೆಮ್ಮನ ಕಾಲು ಮಾಗಿತ್ತು. ಅವಳು ಖಡಿ ಒಡೆಯುತ್ತಿದ್ದಳು. ಅರ್ಧಕ್ಕರ್ಧ ಜನ ನಾರು ಎದ್ದು ಚಾಪೆ ಹಿಡಿದಿದ್ದರು. ಹಗುರ ಕೆಲಸಕ್ಕೆ ಎಂದೂ ಇಷ್ಟು ಜನ ಆಗಿರಲಿಲ್ಲ. ಮೇಸ್ತ್ರಿ ಎಲ್ಲಿ ಎಂದು ಕೇಳಿದರೆ ಎಲ್ಲರೂ ಬಾವಿಯ ಕಡೆ ಕೈ ತೋರಿಸಿದರು.

ಫಕೀರಪ್ಪ ಕೊನೆಯ ಮೆಟ್ಟಿಲಲ್ಲಿ ಕೂತಿದ್ದ. ಎರಡೂ ಕಾಲಿಗೆ ನಾರು, ಎರಡೂ ಕಾಲು ನೀರಲ್ಲಿ. ನನ್ನನ್ನು ಕಂಡು ಕಾಲು ಎತ್ತಲು ನೋಡಿದ, ಆಗಲಿಲ್ಲ. ನನಗೆ ಸಿಟ್ಟೂ ಬಂತು, ಅಳುವೂ ಬಂತು. ರಟ್ಟೆ ಹಿಡಿದು ಅವನನ್ನು ಮೇಲಿನ ದಂಡೆಗೆ ತಂದು ಕೂರಿಸಿದೆ. ಪೈಜಾಮ ಮೇಲೆ ಕಟ್ಟಿ ನಾನೇ ಮೊಣಕಾಲವರೆಗೆ ಇಳಿದು ಕೊಡ ತುಂಬಿ ತಂದೆ. ನೀರು ಬಾವಿಗೆ ಮರಳಿ ಹರಿಯದಂತೆ ಅವನ ಕಾಲ ಮೇಲೆ ನಿಧಾನವಾಗಿ ಸುರಿದೆ. "ಹಿಂಗ ಮಾಡ್ರಿ ಮೇಸ್ತ್ರಿ. ಉರೀನೂ ತಣ್ಣಗಾಕ್ಕೈತಿ, ಬಾವೀನೂ ಉಳೀತೈತಿ" ಎಂದೆ. ಅವನ ಮುಖ ಸಡಿಲವಾಯಿತು. ಕೊಡ ಖಾಲಿಯಾಗುತ್ತಲೇ ಮತ್ತೆ ಬಿಗಿಯಿತು. ಇನ್ನೊಂದು ಕೊಡ ತಂದೆ. ಮತ್ತೊಂದು ತಂದೆ. ನನಗೇ ಏದುಸಿರು ಬಂತು.

ರೋಗ ತಡೆಯುವವನ ಮಾತು ಸರಿಯಿದ್ದರೆ ಸಾಲದು, ಆ ಮಾತಿನಂತೆ ಬದುಕಲು ಕೇಳಿದವನಿಗೆ ದಾರಿಯೂ ಇರಬೇಕು. ನೌಕರಿ ನನಗೆ ಕಲಿಸಿದ್ದು ಇದೊಂದೇ. ಕಲಿಸಿದ್ದು ಮೆಡಿಕಲ್ ಪುಸ್ತಕವಲ್ಲ, ದಂಡೆಯ ಮೇಲೆ ಕೂತಿದ್ದ ಫಕೀರಪ್ಪ. ನನ್ನ ಕೈಯಿಂದ ಕೊಡ ಬಿಡಿಸಿ ಅವನು ಮೆತ್ತಗೆ ಅಂದ:

"ನೀವು ಗುರುವಾರಕ್ಕೊಮ್ಮೆ ಬರ್ತೀರಿ ಸಾಹೇಬ್ರ. ಉಳಿದ ದಿನ ಈ ಕೊಡ ಯಾರು ತರ್ತಾರ್ರೀ?"

ಅಷ್ಟು ಹೇಳಿ, ಕುಂಡಿ ಎಳೆಯುತ್ತಾ ಒಂದೊಂದೇ ಮೆಟ್ಟಿಲು ಇಳಿದು ಹೋದ. ನಾನು ತಡೆಯಲಿಲ್ಲ.